ಲಯ ಮತ್ತು ಲಿಪಿ: ತ್ರಿಕಗಳು ಹಾಗೂ ವಿಷಮಗತಿಗಳ ಸ್ವರಲೇಖನದ ಚರಿತ್ರೆ

೧. ಪ್ರಸ್ತಾವನೆ

ಮೌಖಿಕ ಪರಂಪರೆಯ ಹಾಡನ್ನು ಬರೆಹಕ್ಕೆ ಇಳಿಸುವಾಗ ಸಂಗ್ರಾಹಕರು ಮೊದಲು ಎದುರಿಸುವ ತೊಡಕು ಪಾಠದ್ದಲ್ಲ, ಲಯದ್ದು. ಪದಗಳನ್ನು ಹಾಡುಗಾರರಿಂದ ಕೇಳಿ, ಮತ್ತೆ ಹೇಳಿಸಿ, ತಿದ್ದಿ ಬರೆದುಕೊಳ್ಳಬಹುದು. ಸ್ವರಗಳ ಏರಿಳಿತವನ್ನೂ ಶ್ರುತಿಯ ನೆರವಿನಿಂದ ಗುರುತಿಸಬಹುದು. ಆದರೆ ಯಾವ ಅಕ್ಷರ ಎಷ್ಟು ಹೊತ್ತು ನಿಂತಿತು, ಎರಡು ಪೆಟ್ಟುಗಳ ನಡುವಿನ ಕಾಲ ಎಷ್ಟು ಪಾಲಾಯಿತು, ಆ ಪಾಲುಗಳು ಸಮವೋ ವಿಷಮವೋ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಲೇಖಕನ ಕಿವಿಯೇ ಹೇಳಬೇಕಾಗುತ್ತದೆ. ಆ ಕಿವಿಯಾದರೋ ತಾನು ಕಲಿತ ಲಿಪಿಯ ಸಂಸ್ಕಾರಕ್ಕೆ ಒಳಗಾಗಿರುತ್ತದೆ. ಲಿಪಿಯಲ್ಲಿ ಸುಲಭವಾಗಿ ಬರೆಯಲು ಬರುವುದನ್ನು ಕಿವಿ ಬೇಗ ಕೇಳುತ್ತದೆ. ಬರೆಯಲು ಕಷ್ಟವಾದುದನ್ನು ಗಾಯಕರ ತಪ್ಪೆಂದೋ ಸ್ವಾತಂತ್ರ್ಯವೆಂದೋ ತಳ್ಳಿಹಾಕುತ್ತದೆ.

ಪ್ರಸ್ತುತ ಲೇಖನದಲ್ಲಿ ಪಾಶ್ಚಾತ್ಯ ಸ್ವರಲಿಪಿಯಲ್ಲಿ 'ಟ್ರಿಪ್ಲೆಟ್' ಎಂದು ಕರೆಯಲಾಗುವ ತ್ರಿಕಗಳು ಹಾಗೂ ಇತರ ವಿಷಮಗತಿಗಳು ಬರೆಹಕ್ಕೆ ಬಂದ ಬಗೆಯನ್ನು ಚಾರಿತ್ರಿಕವಾಗಿ ಗುರುತಿಸಲು ಪ್ರಯತ್ನಿಸಲಾಗಿದೆ. ಹದಿಮೂರನೆಯ ಶತಮಾನದ ಯುರೋಪಿನಿಂದ ಹೊರಟು, ಇಪ್ಪತ್ತನೆಯ ಶತಮಾನದ ಜನಪದ ಗೀತ ಸಂಗ್ರಹಕಾರ್ಯದಲ್ಲಿ ಈ ಸಮಸ್ಯೆ ಪಡೆದುಕೊಂಡ ತಿರುವನ್ನು, ಅದರಲ್ಲೂ ಬೇಲಾ ಬಾರ್ಟೋಕ್ ಅವರ ಅನುಭವವನ್ನು ಇಲ್ಲಿ ವಿಶೇಷವಾಗಿ ಗಮನಿಸಲಾಗಿದೆ. ಕೊನೆಯಲ್ಲಿ ಕನ್ನಡದ ಅಂಶಛಂದಸ್ಸಿನ ಅಧ್ಯಯನಕ್ಕೆ ಈ ಚರಿತ್ರೆ ಏನನ್ನು ಸೂಚಿಸಬಲ್ಲದು ಎಂಬುದನ್ನು ಚರ್ಚಿಸಲಾಗಿದೆ.

೨. ಎರಡು ಬಗೆಯ ವಿಷಮತೆ

ಚರಿತ್ರೆಗೆ ಹೋಗುವ ಮುನ್ನ ಒಂದು ಪಾರಿಭಾಷಿಕ ಸ್ಪಷ್ಟತೆ ಅಗತ್ಯ. ಲಯದಲ್ಲಿ ವಿಷಮವೆನಿಸುವ ಸಂಗತಿಗಳು ಎರಡು ಬಗೆಯವು. ಇವೆರಡನ್ನೂ ಒಂದೇ ಎಂದು ಭಾವಿಸಿದುದರಿಂದ ಅನೇಕ ಗೊಂದಲಗಳು ಹುಟ್ಟಿಕೊಂಡಿವೆ.

ಮೊದಲನೆಯದು ವಿಭಜನೆಯ ವಿಷಮತೆ. ಇಲ್ಲಿ ಪೆಟ್ಟಿನಿಂದ ಪೆಟ್ಟಿಗೆ ಇರುವ ಕಾಲ ಸಮವಾಗಿಯೇ ಉಳಿಯುತ್ತದೆ. ಅದರ ಒಳಗಿನ ಪಾಲುಗಳ ಸಂಖ್ಯೆ ಮಾತ್ರ ಬದಲಾಗುತ್ತದೆ. ಎರಡು ಸ್ವರಗಳು ಇರಬೇಕಾದ ಕಾಲದಲ್ಲಿ ಮೂರು ಸಮಸ್ವರಗಳು ಬಂದರೆ ಅದು ತ್ರಿಕ. ನಾಲ್ಕರ ಕಾಲದಲ್ಲಿ ಐದೋ ಏಳೋ ಬಂದರೆ ಪಂಚಕ, ಸಪ್ತಕ. ಮೂರರ ಕಾಲದಲ್ಲಿ ಎರಡೇ ಬಂದರೆ ದ್ವಿಕ. ಸ್ವರಗುಚ್ಛದ ಮೇಲೆ ಒಂದು ಅಂಕಿ ಬರೆದು, ಬೇಕಾದಲ್ಲಿ ಆವರಣದ ಗೆರೆ ಎಳೆದು ಇದನ್ನು ಸೂಚಿಸಲಾಗುತ್ತದೆ. ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಇದು 'ನಡೆ' ಅಥವಾ 'ಗತಿ'ಯ ಬದಲಾವಣೆ. ತಾಳದ ಅಕ್ಷರಕಾಲ ಕದಲುವುದಿಲ್ಲ. ಅಕ್ಷರವೊಂದಕ್ಕೆ ನಾಲ್ಕು ಮಾತ್ರೆಗಳಿದ್ದ ಚತುರಶ್ರನಡೆ ಮೂರು ಮಾತ್ರೆಗಳ ತಿಶ್ರನಡೆಯಾಗುತ್ತದೆ. ಐದಾದರೆ ಖಂಡ, ಏಳಾದರೆ ಮಿಶ್ರ, ಒಂಬತ್ತಾದರೆ ಸಂಕೀರ್ಣ.

ಎರಡನೆಯದು ಸಂಕಲನದ ವಿಷಮತೆ. ಇಲ್ಲಿ ಅತ್ಯಂತ ಕಿರಿಯ ಕಾಲಘಟಕ ಸಮವಾಗಿರುತ್ತದೆ. ಅವುಗಳನ್ನು ಎರಡೆರಡಾಗಿ, ಮೂರುಮೂರಾಗಿ ಕೂಡಿಸಿದಾಗ ಉಂಟಾಗುವ ಪೆಟ್ಟುಗಳು ಒಂದಕ್ಕೊಂದು ಸಮವಾಗಿರುವುದಿಲ್ಲ. ಖಂಡಚಾಪುವಿನ ೨+೩, ಮಿಶ್ರಚಾಪುವಿನ ೩+೪ ಇದಕ್ಕೆ ನಮಗೆ ಹತ್ತಿರದ ಉದಾಹರಣೆಗಳು. ಚಾಪು ತಾಳಗಳು ಸುಳಾದಿ ಸಪ್ತತಾಳಗಳ ಚೌಕಟ್ಟಿನ ಹೊರಗೆ ಉಳಿದಿರುವುದು ಇಲ್ಲಿ ಗಮನಾರ್ಹ. ಜರ್ಮನ್ ವಿದ್ವಾಂಸ ಕುರ್ಟ್ ಸಾಕ್ಸ್ ೧೯೫೩ರಲ್ಲಿ ಪ್ರಕಟಿಸಿದ 'ರಿದಮ್ ಅಂಡ್ ಟೆಂಪೊ' ಗ್ರಂಥದಲ್ಲಿ ವಿಭಜನಾತ್ಮಕ ಲಯ, ಸಂಕಲನಾತ್ಮಕ ಲಯ ಎಂಬ ಈ ಭೇದಕ್ಕೆ ವಿಸ್ತಾರವಾದ ಆಧಾರ ಒದಗಿಸಿದರು.

ಕಾಗದದ ಮೇಲೆ ಇವೆರಡರ ನಡುವಣ ಅಂತರ ಸ್ಪಷ್ಟ. ಕಿವಿಗೆ ಹಾಗಲ್ಲ. ವೇಗವಾಗಿ ಹಾಡಿದ ೨+೨+೩ರ ಗತಿಯನ್ನು ಮೂರು ಸಮಪೆಟ್ಟುಗಳೆಂದು ಕೇಳಿ, ಕೊನೆಯ ಪೆಟ್ಟನ್ನು ತ್ರಿಕವೆಂದು ಬರೆದರೆ ಒಟ್ಟು ಸ್ವರಗಳ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಆದರೆ ಲಯದ ಸ್ವರೂಪವೇ ಬೇರೆಯಾಗಿಬಿಡುತ್ತದೆ: ಮೊದಲ ರೀತಿಯಲ್ಲಿ ಮೂರನೆಯ ಪೆಟ್ಟು ಉದ್ದ; ಎರಡನೆಯ ರೀತಿಯಲ್ಲಿ ಅದು ಉಳಿದವಕ್ಕೆ ಸಮ, ಅದರೊಳಗಿನ ಸ್ವರಗಳು ಮಾತ್ರ ಚಿಕ್ಕವು. ಜನಪದ ಗೀತಗಳ ಸ್ವರಲೇಖನದಲ್ಲಿ ಸಂಭವಿಸಿದ ತಪ್ಪುಗಳಲ್ಲಿ ಅನೇಕವು ಈ ಸೂಕ್ಷ್ಮದ ಸುತ್ತಲೇ ಇವೆ.

೩. ಪೂರ್ಣವಾದ ಮೂರು, ಅಪೂರ್ಣವಾದ ಎರಡು

ಇಂದಿನ ಪಾಶ್ಚಾತ್ಯ ಲಿಪಿಯಲ್ಲಿ ತ್ರಿಕ ಒಂದು ವಿಶೇಷ ಪ್ರಸಂಗ. ಪೂರ್ಣಸ್ವರದ ಅರ್ಧ, ಅರ್ಧದ ಅರ್ಧ ಎಂದು ಎಲ್ಲ ಚಿಹ್ನೆಗಳೂ ಎರಡರ ಭಾಗಾಕಾರದಲ್ಲಿಯೇ ಸಾಗುತ್ತವೆ. ಮೂರರ ಪಾಲು ಬೇಕಾದಲ್ಲಿ ಅಂಕಿಯನ್ನೋ ಚುಕ್ಕೆಯನ್ನೋ ಹೊರಗಿನಿಂದ ಸೇರಿಸಬೇಕು. ಆದರೆ ಈ ಲಿಪಿಯ ಆರಂಭದ ಸ್ಥಿತಿ ಇದಕ್ಕೆ ನೇರ ವಿರುದ್ಧವಾಗಿತ್ತು ಎಂಬುದು ಕುತೂಹಲಕರ.

ಹನ್ನೆರಡನೆಯ ಶತಮಾನದ ಅಂತ್ಯ ಹಾಗೂ ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸ್ಸಿನ ನೊತ್ರ್ ದಾಮ್ ಪರಂಪರೆಯ ಬಹುಧ್ವನಿ ಗಾಯನಕ್ಕಾಗಿ ರೂಪುಗೊಂಡ ಲಯಕ್ರಮಗಳು ಮೂರರ ಗಣನೆಯನ್ನು ಆಧರಿಸಿದ್ದವು. ಸುಮಾರು ೧೨೮೦ರಲ್ಲಿ ಕೊಲೋನಿನ ಫ್ರಾಂಕೊ ರಚಿಸಿದ 'ಆರ್ಸ್ ಕಾಂತುಸ್ ಮೆನ್ಸುರಾಬಿಲಿಸ್' ಎಂಬ ಶಾಸ್ತ್ರಗ್ರಂಥ ಸ್ವರಚಿಹ್ನೆಯ ಆಕಾರಕ್ಕೂ ಅದರ ಕಾಲಪ್ರಮಾಣಕ್ಕೂ ನಿಯತ ಸಂಬಂಧ ಕಲ್ಪಿಸಿತು. ಅಲ್ಲಿ ಮೂರು ಪಾಲುಗಳಾಗುವ ದೀರ್ಘಸ್ವರ 'ಪೂರ್ಣ'. ಎರಡು ಪಾಲುಗಳಾಗುವುದು 'ಅಪೂರ್ಣ'. ಮೂರು ಪೂರ್ಣಸಂಖ್ಯೆಯೆನ್ನಲು ಫ್ರಾಂಕೊ ಕ್ರೈಸ್ತ ಧರ್ಮದ ತ್ರಿತ್ವವನ್ನು ಸಮರ್ಥನೆಯಾಗಿ ಮುಂದಿಡುತ್ತಾನೆ. ಹೀಗೆ ಮತತತ್ತ್ವವೊಂದು ಕಾಲಗಣನೆಯ ಆಧಾರವಾಯಿತು. ಕುಣಿತದ ಮಟ್ಟುಗಳಲ್ಲೂ ಜನರ ಹಾಡುಗಳಲ್ಲೂ ಆಗ ಎರಡರ ಗತಿ ಇರಲಿಲ್ಲವೆಂದು ಇದರಿಂದ ತೀರ್ಮಾನಿಸುವಂತಿಲ್ಲ. ಲಿಪಿ ಅದನ್ನು ಸಹಜವೆಂದು ಒಪ್ಪಿಕೊಂಡಿರಲಿಲ್ಲ ಎಂದಷ್ಟೇ ಹೇಳಬಹುದು.

ಹದಿನಾಲ್ಕನೆಯ ಶತಮಾನದ ಆರಂಭದ ದಶಕಗಳಲ್ಲಿ ಫಿಲಿಪ್ ದ ವಿತ್ರಿಯ ಹೆಸರಿನೊಡನೆ ಗುರುತಿಸಲಾಗುವ 'ಆರ್ಸ್ ನೋವಾ' ಎಂಬ ಹೊಸ ಕಲೆ ಎರಡರ ವಿಭಜನೆಗೂ ಮೂರರ ವಿಭಜನೆಗೂ ಸಮಾನ ಸ್ಥಾನ ನೀಡಿತು. ಒಂದು ಗತಿಯಿಂದ ಇನ್ನೊಂದಕ್ಕೆ ತಾತ್ಕಾಲಿಕವಾಗಿ ದಾಟುವುದನ್ನು ತೋರಿಸಲು ಕಪ್ಪು ಸ್ವರಗಳ ನಡುವೆ ಕೆಂಪು ಶಾಯಿಯ ಸ್ವರಗಳನ್ನು ಬರೆಯುವ ಪದ್ಧತಿ ಬಳಕೆಗೆ ಬಂದಿತು. ಮೂರರ ಗಣನೆಯಲ್ಲಿ ಕೆಂಪು ಸ್ವರವೊಂದು ತನ್ನ ಮೂರನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಮೂರು ಕೆಂಪು ಸ್ವರಗಳು ಎರಡು ಕಪ್ಪು ಸ್ವರಗಳ ಕಾಲವನ್ನು ತುಂಬುತ್ತವೆ. ಎರಡರ ಕಾಲದಲ್ಲಿ ಮೂರು ಎಂಬ ತತ್ತ್ವ ಇಲ್ಲಿ ಅಂಕಿಯಿಲ್ಲದೆ ಕೇವಲ ಬಣ್ಣದಿಂದ ವ್ಯಕ್ತವಾಗಿದೆ. ಮುಂದೆ ಸ್ವರಗಳ ಒಳಭಾಗವನ್ನು ಬಿಳಿಯಾಗಿ ಬಿಡುವ ಪದ್ಧತಿ ಬಂದಾಗ, ಕೆಂಪಿನ ಕೆಲಸವನ್ನು ತುಂಬಿದ ಕಪ್ಪು ಸ್ವರಗಳು ವಹಿಸಿಕೊಂಡವು. ಹದಿನೈದನೆಯ ಶತಮಾನದಲ್ಲಿ ಟಿಂಕ್ಟೋರಿಸ್ ಮೊದಲಾದ ಶಾಸ್ತ್ರಕಾರರು ಕಾಲಾನುಪಾತಗಳನ್ನು ಭಿನ್ನರಾಶಿಗಳ ರೂಪದಲ್ಲಿ ನಿರೂಪಿಸಿದರು.

ಅನಂತರದ ಶತಮಾನಗಳಲ್ಲಿ ಚಿಹ್ನೆಗಳ ಅರ್ಥ ಎರಡರ ಭಾಗಾಕಾರದಲ್ಲಿ ಸ್ಥಿರಗೊಂಡಿತು. ಬಾರ್ ಗೆರೆಗಳು ರೂಢಿಗೆ ಬಂದವು. ಹಿಂದೆ 'ಪೂರ್ಣ'ವಾಗಿದ್ದ ಮೂರರ ವಿಭಜನೆ ಈಗ ಅಂಕಿಯ ಆಸರೆ ಬೇಡುವ ಅಪವಾದವಾಯಿತು. ಯಾವುದು ಸಹಜ ಲಯ, ಯಾವುದು ವಿಷಮ ಲಯ ಎಂಬ ನಿರ್ಣಯದಲ್ಲಿ ಲಿಪಿಯ ಪಾತ್ರ ಎಷ್ಟು ದೊಡ್ಡದು ಎಂಬುದಕ್ಕೆ ಈ ಪಲ್ಲಟವೇ ಸಾಕ್ಷಿ.

೪. ಬರೆದುದು ಒಂದು, ನುಡಿಸಿದುದು ಒಂದು

ಅಂಕಿಯ ತ್ರಿಕ ನೆಲೆಗೊಂಡ ಮೇಲೂ ಅದರ ವಾಚನ ನಿರ್ವಿವಾದವಾಗಿರಲಿಲ್ಲ. ಹದಿನೆಂಟನೆಯ ಶತಮಾನದ ಕೃತಿಗಳಲ್ಲಿ ಒಂದು ಧ್ವನಿ ತ್ರಿಕಗಳಲ್ಲಿ ಸಾಗುತ್ತಿರುವಾಗ ಮತ್ತೊಂದು ಧ್ವನಿ ಚುಕ್ಕೆಯುಳ್ಳ ದೀರ್ಘಸ್ವರ ಮತ್ತು ಹ್ರಸ್ವಸ್ವರಗಳ ಜೋಡಿಯಲ್ಲಿ ಸಾಗುವುದುಂಟು. ಲಿಪಿಯನ್ನು ಅಕ್ಷರಶಃ ಓದಿದರೆ ಈ ಜೋಡಿ ೩:೧. ತ್ರಿಕದೊಡನೆ ಹೊಂದಿಸಿ ಓದಿದರೆ ೨:೧. ಯಾವುದು ಸರಿ? ಬರ್ಲಿನ್ನಿನ ಆಸ್ಥಾನದಲ್ಲಿದ್ದ ಇಬ್ಬರು ಪ್ರಸಿದ್ಧ ಸಂಗೀತಗಾರರು ಇದಕ್ಕೆ ಭಿನ್ನ ಉತ್ತರಗಳನ್ನು ನೀಡಿದ್ದಾರೆ. ಕೊಳಲುವಾದಕ ಕ್ವಾಂಟ್ಸ್ ೧೭೫೨ರ ತನ್ನ ಗ್ರಂಥದಲ್ಲಿ ಹ್ರಸ್ವಸ್ವರವನ್ನು ತ್ರಿಕದ ಮೂರನೆಯ ಸ್ವರದ ಜೊತೆಗಲ್ಲ, ಅದರ ಅನಂತರ ನುಡಿಸಬೇಕೆಂದು ವಿಧಿಸುತ್ತಾನೆ. ಕಾರ್ಲ್ ಫಿಲಿಪ್ ಎಮಾನ್ಯುಯೆಲ್ ಬಾಖ್ ೧೭೫೩ರ ಗ್ರಂಥದಲ್ಲಿ ಎರಡನ್ನೂ ಹೊಂದಿಸಿ ನುಡಿಸುವ ಕ್ರಮವನ್ನು ತೋರಿಸುತ್ತಾನೆ. ಒಂದೇ ಆಸ್ಥಾನ, ಒಂದೇ ಕಾಲ, ಒಂದೇ ಲಿಪಿ. ಆದರೂ ವಾಚನ ಎರಡು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಅಂಕಿಗಳ ಬಳಕೆ ಇನ್ನಷ್ಟು ವಿಸ್ತಾರಗೊಂಡಿತು. ೧೮೩೦ರ ದಶಕದ ಆರಂಭದಲ್ಲಿ ಪ್ರಕಟವಾದ ಶೋಪ್ಯಾನನ ಮೊದಲ 'ನಾಕ್ಟರ್ನ್'ನ ಆರಂಭದಲ್ಲಿಯೇ ಎಡಗೈಯ ಆರು ಸ್ವರಗಳ ಮೇಲೆ ಬಲಗೈಯ ಹನ್ನೊಂದು, ಹನ್ನೆರಡರ ಮೇಲೆ ಇಪ್ಪತ್ತೆರಡು ಸ್ವರಗಳು ಹರಡಿಕೊಂಡಿವೆ. ಇಲ್ಲಿನ ಅಂಕಿಯನ್ನು ಯಾರೂ ಗಣಿತದ ಸಮವಿಭಜನೆಯೆಂದು ಓದುವುದಿಲ್ಲ. ಈ ಕಾಲಾವಧಿಯಲ್ಲಿ ಇಷ್ಟು ಸ್ವರಗಳನ್ನು ಹಾಡಿನಂತೆ ಹರಿಸಬೇಕು ಎಂಬ ಸೂಚನೆ ಮಾತ್ರ ಅದರಲ್ಲಿದೆ. ಲಿಖಿತ ಪರಂಪರೆಯ ಒಳಗೂ ವಾಚನಸಂಪ್ರದಾಯ ಮೌಖಿಕವಾಗಿಯೇ ಉಳಿಯುತ್ತದೆ ಎಂಬುದನ್ನು ಜನಪದ ಅಧ್ಯಯನಕಾರರು ಇಲ್ಲಿ ಗುರುತಿಸಬೇಕು. ಲಿಪಿ ಸಂಪೂರ್ಣ, ಮೌಖಿಕ ಪರಂಪರೆ ಅಸ್ಪಷ್ಟ ಎಂಬ ಎಣಿಕೆಗೆ ಚರಿತ್ರೆಯ ಬೆಂಬಲವಿಲ್ಲ.

೫. ಫೋನೋಗ್ರಾಫ್ ಮತ್ತು ಮರುಶ್ರವಣ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮೇಣದ ಸಿಲಿಂಡರಿನ ಮೇಲೆ ಧ್ವನಿ ಮುದ್ರಿಸುವ ಫೋನೋಗ್ರಾಫ್ ಯಂತ್ರ ಸಂಗ್ರಾಹಕರ ಕೈಸೇರಿತು. ಒಂದೇ ಹಾಡನ್ನು ಅನೇಕ ಬಾರಿ, ವೇಗ ತಗ್ಗಿಸಿಯೂ ಕೇಳಲು ಸಾಧ್ಯವಾದುದರಿಂದ ಲಯಲೇಖನದ ಸಮಸ್ಯೆ ಹೊಸ ರೂಪ ತಾಳಿತು.

೧೯೦೬ರಲ್ಲಿ ಪರ್ಸಿ ಗ್ರೇಂಜರ್ ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದಲ್ಲಿ ಈ ಯಂತ್ರವನ್ನು ಬಳಸಿ ಹಾಡುಗಳನ್ನು ಮುದ್ರಿಸಿದರು. ೧೯೦೮ರಲ್ಲಿ ಜಾನಪದ ಗೀತ ಸಂಘದ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಸ್ವರಲೇಖನಗಳಲ್ಲಿ ತಾಳಸೂಚಕ ಅಂಕಿಗಳು ಮತ್ತೆ ಮತ್ತೆ ಬದಲಾಗುತ್ತವೆ; ಒಂದೊಂದು ನುಡಿಗೂ ಬೇರೆಬೇರೆ ಲಯರೂಪಗಳು ದಾಖಲಾಗಿವೆ. ಸೆಸಿಲ್ ಷಾರ್ಪ್ ಸೇರಿದಂತೆ ಅಂದಿನ ಕೆಲವು ಸಂಗ್ರಾಹಕರಿಗೆ ಇದು ಒಪ್ಪಿಗೆಯಾಗಲಿಲ್ಲ. ಯಂತ್ರ ದಾಖಲಿಸಿದ ಪ್ರತಿ ಏರುಪೇರನ್ನೂ ಬರೆಯುವುದಕ್ಕಿಂತ, ಹಾಡಿನ ಸಾಮಾನ್ಯ ರೂಪವನ್ನು ಅನುಭವಿ ಕಿವಿಯಿಂದ ಗ್ರಹಿಸಿ ಬರೆಯುವುದು ಲೇಸೆಂಬುದು ಅವರ ನಿಲುವು. ಗ್ರೇಂಜರರ ದೃಷ್ಟಿಯಲ್ಲಾದರೋ ಆ ಏರುಪೇರುಗಳೇ ಗಾಯಕನ ಕಲೆ. ಈ ಭಿನ್ನಾಭಿಪ್ರಾಯ ಇಂದಿಗೂ ಪೂರ್ಣವಾಗಿ ತೀರಿಲ್ಲ.

ಹಂಗೇರಿಯ ಬೇಲಾ ಬಾರ್ಟೋಕ್ (೧೮೮೧–೧೯೪೫) ಅವರ ಅನುಭವ ಇದಕ್ಕಿಂತ ಹೆಚ್ಚು ಬೋಧಪ್ರದವಾದುದು. ಅವರು ೧೯೦೮ರಿಂದ ೧೯೧೭ರವರೆಗೆ ರೊಮಾನಿಯನ್ ಭಾಷಿಕ ಹಳ್ಳಿಗಳಲ್ಲಿ ಅಪಾರ ಸಂಖ್ಯೆಯ ಹಾಡುಗಳನ್ನು ಸಂಗ್ರಹಿಸಿದ್ದರು. ಇದೇ ಅವಧಿಯಲ್ಲಿ ಬಲ್ಗೇರಿಯದ ವಿದ್ವಾಂಸರು ತಮ್ಮ ನಾಡಿನ ಕುಣಿತ ಮತ್ತು ಹಾಡುಗಳ ಲಯಗಳನ್ನು ಶಾಸ್ತ್ರೀಯವಾಗಿ ವಿವರಿಸತೊಡಗಿದ್ದರು. ದೋಬ್ರಿ ಹ್ರಿಸ್ತೋವ್ ೧೯೧೩ರಲ್ಲಿ ಬಲ್ಗೇರಿಯನ್ ಜನಪದ ಸಂಗೀತದ ಲಯಾಧಾರಗಳನ್ನು ಕುರಿತು ಬರೆದರು. ವಾಸಿಲ್ ಸ್ತೋಯಿನ್ ೧೯೨೭ರಲ್ಲಿ ಈ ಸಂಗೀತದ ಛಂದೋಲಯಗಳ ವ್ಯಾಕರಣವನ್ನು ಪ್ರಕಟಿಸಿದರು. ೨+೩ರ ಪೈದುಷ್ಕೊ, ೨+೨+೩ರ ರುಚೆನಿತ್ಸ, ೨+೨+೨+೩ರ ದೈಚೊವೊ, ೨+೨+೩+೨+೨ರ ಕೊಪಾನಿತ್ಸ ಮೊದಲಾದ ಕುಣಿತಗಳ ಗತಿಗಳು ಇವುಗಳಿಂದ ಹೊರಜಗತ್ತಿಗೆ ಪರಿಚಯವಾದವು. ಇವುಗಳ ಮೂಲಘಟಕ ಬಹಳ ಚಿಕ್ಕದು. ನಿಮಿಷಕ್ಕೆ ಮುನ್ನೂರನ್ನು ಮೀರುವ ವೇಗದಲ್ಲಿ ಸಾಗುವಂತಹದು. ಅಷ್ಟು ವೇಗದಲ್ಲಿ ಘಟಕಗಳನ್ನು ಎಣಿಸಲು ಬಾರದು. ಕಿವಿಗೆ ದಕ್ಕುವುದು ಗಿಡ್ಡ ಪೆಟ್ಟು ಮತ್ತು ಅದರ ಒಂದೂವರೆಯಷ್ಟಿರುವ ಉದ್ದ ಪೆಟ್ಟು ಎಂಬ ಭೇದ ಮಾತ್ರ.

ಈ ಬರೆಹಗಳ ಪರಿಚಯವಾದ ಮೇಲೆ ಬಾರ್ಟೋಕ್ ತಮ್ಮ ಹಳೆಯ ಮುದ್ರಿಕೆಗಳನ್ನು ಮತ್ತೆ ಕೇಳಿದರು. ತಾವು ಹಿಂದೆ ಗುರುತಿಸದೆ ಹೋಗಿದ್ದ ಇಂತಹ ಲಯಗಳು ರೊಮಾನಿಯನ್ ಸಂಗ್ರಹದಲ್ಲಿಯೂ ಇರುವುದು ಅವರಿಗೆ ಮನವರಿಕೆಯಾಯಿತು. ಅವರು ಸ್ವರಲೇಖನಗಳ ಪರಿಷ್ಕರಣೆಗೆ ತೊಡಗಿದರು. ೧೯೩೪ರಿಂದ ಹಂಗೇರಿಯ ವಿಜ್ಞಾನ ಅಕಾಡೆಮಿಯಲ್ಲಿ ಜನಪದ ಸಂಗೀತದ ಕೆಲಸಕ್ಕೆ ನಿಯುಕ್ತರಾದುದು ಈ ಪರಿಷ್ಕರಣೆಗೆ ಬೇಕಾದ ಬಿಡುವನ್ನು ಒದಗಿಸಿತು. ೧೯೩೮ರಲ್ಲಿ 'ಬಲ್ಗೇರಿಯನ್ ಲಯವೆಂದು ಕರೆಯಲಾಗುವುದು' ಎಂಬ ಅರ್ಥದ ಶೀರ್ಷಿಕೆಯುಳ್ಳ ಪ್ರಬಂಧದಲ್ಲಿ ತಮ್ಮ ಹಿಂದಿನ ಶ್ರವಣದ ಕೊರತೆಯನ್ನು ಅವರು ಮುಚ್ಚಿಡದೆ ಬರೆದರು. ಶೀರ್ಷಿಕೆಯ 'ಎಂದು ಕರೆಯಲಾಗುವ' ಎಂಬ ಮಾತು ಅರ್ಥಪೂರ್ಣವಾದುದು. ಈ ಲಯ ಒಂದು ರಾಷ್ಟ್ರದ ಸ್ವತ್ತಲ್ಲ ಎಂಬ ಎಚ್ಚರ ಅದರಲ್ಲಿದೆ. ಅದೇ ಲಯ ಅವರ ಸ್ವಂತ ಕೃತಿಗಳನ್ನೂ ಪ್ರವೇಶಿಸಿತು. ೧೯೩೪ರ ಐದನೆಯ ತಂತಿವಾದ್ಯ ಚತುಷ್ಟಯದ ನಡುವಣ ಭಾಗ ಹಾಗೂ ೧೯೪೦ರಲ್ಲಿ ಪ್ರಕಟವಾದ 'ಮೈಕ್ರೊಕಾಸ್ಮೊಸ್' ಸಂಪುಟಗಳ ಕೊನೆಯ ಆರು ಕುಣಿತಗಳು ಇದಕ್ಕೆ ನಿದರ್ಶನ.

ಬದುಕಿನ ಕೊನೆಯ ವರ್ಷಗಳಲ್ಲಿ ಅಮೆರಿಕದಲ್ಲಿದ್ದ ಬಾರ್ಟೋಕ್, ಮಿಲ್ಮನ್ ಪ್ಯಾರಿ ಅವರ ಸಂಗ್ರಹದ ಎಪ್ಪತ್ತೈದು ಹೆಂಗಸರ ಹಾಡುಗಳನ್ನು ಸ್ವರಲಿಪಿಗೆ ಇಳಿಸಿದರು. ಮೌಖಿಕ ಮಹಾಕಾವ್ಯದ ಸೂತ್ರಾತ್ಮಕ ರಚನೆಯ ಸಿದ್ಧಾಂತದಿಂದ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ನಮ್ಮ ಜಾನಪದ ವಿದ್ವಾಂಸರಿಗೆ ಸುಪರಿಚಿತರು. ಆದರೆ ಅದೇ ಸಂಗ್ರಹದಿಂದ ಬಾರ್ಟೋಕ್ ಮತ್ತು ಲಾರ್ಡ್ ಜಂಟಿಯಾಗಿ ಸಿದ್ಧಪಡಿಸಿ, ೧೯೫೧ರಲ್ಲಿ ಪ್ರಕಟವಾದ ಸರ್ಬೊ–ಕ್ರೊಯೇಷಿಯನ್ ಹಾಡುಗಳ ಗ್ರಂಥ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪಾಠದ ಅಧ್ಯಯನ ಮತ್ತು ಲಯದ ಅಧ್ಯಯನ ಒಂದೇ ರಟ್ಟಿನೊಳಗೆ ಕೂಡಿದ ಅಪರೂಪದ ಗ್ರಂಥ ಅದು.

ರೊಮಾನಿಯದ ಕಾನ್‌ಸ್ಟಾಂಟಿನ್ ಬ್ರೈಲೊಯು ೧೯೫೧–೫೨ರ ಹೊತ್ತಿಗೆ ಈ ಬಗೆಯ ಲಯಗಳಿಗೆ ತುರ್ಕಿ ಸಂಗೀತದಿಂದ 'ಅಕ್ಸಾಕ್' ಎಂಬ ಹೆಸರನ್ನು ಎತ್ತಿಕೊಂಡು ವ್ಯಾಪಕ ವರ್ಗೀಕರಣವನ್ನು ರೂಪಿಸಿದರು. ತುರ್ಕಿಯಲ್ಲಿ ಈ ಪದಕ್ಕೆ 'ಕುಂಟುವ' ಎಂದರ್ಥ. ಎರಡು ಮತ್ತು ಮೂರರ ಅನುಪಾತದಲ್ಲಿರುವ ಎರಡು ಕಾಲಮಾನಗಳ ಜೋಡಣೆಯೇ ಇದರ ಲಕ್ಷಣ. ಬಲ್ಗೇರಿಯನ್ ಎಂಬ ರಾಷ್ಟ್ರನಾಮದಿಂದ ಅಕ್ಸಾಕ್ ಎಂಬ ಗುಣನಾಮಕ್ಕೆ ಆದ ಈ ಬದಲಾವಣೆ, ತೌಲನಿಕ ಅಧ್ಯಯನಕ್ಕೆ ದಾರಿ ತೆರೆಯಿತು.

೬. ದೇಶೀ ತಾಳಗಳು: ಲಿಪಿಯ ಮತ್ತೊಂದು ಮಾರ್ಗ

ಯುರೋಪಿನಲ್ಲಿ ಫ್ರಾಂಕೊ ಶಾಸ್ತ್ರ ರಚಿಸುವುದಕ್ಕೆ ಕೆಲವು ದಶಕಗಳ ಮುನ್ನ, ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿ ಶಾರ್ಙ್ಗದೇವ 'ಸಂಗೀತರತ್ನಾಕರ'ವನ್ನು ರಚಿಸಿದ. ಸೇವುಣರೆಂದೂ ಹೆಸರಾದ ಈ ಅರಸರ ಆಳ್ವಿಕೆಗೆ ಉತ್ತರ ಕರ್ನಾಟಕದ ವಿಶಾಲ ಭಾಗ ಒಳಪಟ್ಟಿತ್ತು. ಗ್ರಂಥಕ್ಕೆ 'ಕಲಾನಿಧಿ' ವ್ಯಾಖ್ಯಾನ ಬರೆದ ಕಲ್ಲಿನಾಥ ಹದಿನೈದನೆಯ ಶತಮಾನದ ವಿಜಯನಗರದವನು. ತಾಳಾಧ್ಯಾಯದಲ್ಲಿ ಮಾರ್ಗತಾಳಗಳ ತರುವಾಯ ನೂರಿಪ್ಪತ್ತು ದೇಶೀ ತಾಳಗಳ ಲಕ್ಷಣ ನಿರೂಪಿತವಾಗಿದೆ. ದ್ರುತ ಅರ್ಧ ಮಾತ್ರೆ, ಲಘು ಒಂದು, ಗುರು ಎರಡು, ಪ್ಲುತ ಮೂರು. ಇವುಗಳ ಜೋಡಣೆಯೇ ತಾಳ. ದ್ರುತಕ್ಕೋ ಲಘುವಿಗೋ 'ವಿರಾಮ' ಸೇರಿದರೆ ಅದರ ಕಾಲ ತನ್ನ ಅರ್ಧದಷ್ಟು ಹೆಚ್ಚುತ್ತದೆ.

ಈ ವ್ಯವಸ್ಥೆ ಸಂಪೂರ್ಣವಾಗಿ ಸಂಕಲನಾತ್ಮಕವಾದುದು. ಇಲ್ಲಿ ಮೂರು ಎಂಬುದು ಅಪವಾದವಲ್ಲ. ಪ್ಲುತವೆಂಬ ಸ್ವತಂತ್ರ ಚಿಹ್ನೆಯೇ ಅದಕ್ಕಿದೆ. ವಿರಾಮ ಸೇರಿದ ಅಂಗ ಮತ್ತು ಸೇರದ ಅಂಗಗಳ ನಡುವೆ ಉಂಟಾಗುವ ಸಂಬಂಧ ೩:೨. ಬಾಲ್ಕನ್ ಕುಣಿತದ ಉದ್ದ ಪೆಟ್ಟು ಮತ್ತು ಗಿಡ್ಡ ಪೆಟ್ಟುಗಳ ಅನುಪಾತವೂ ಇದೇ. ಇವುಗಳ ನಡುವೆ ಚಾರಿತ್ರಿಕ ಸಂಪರ್ಕವಿತ್ತೆಂದು ಇದರಿಂದ ಸಾಧಿಸುವಂತಿಲ್ಲ. ಆದರೆ ಐದು ಗೆರೆಗಳ ಲಿಪಿ ಇಪ್ಪತ್ತನೆಯ ಶತಮಾನದಲ್ಲಿ ಪ್ರಯಾಸದಿಂದ ಕಂಡುಕೊಂಡ ಒಂದು ಸಂಬಂಧಕ್ಕೆ ಶಾರ್ಙ್ಗದೇವನ ಕಾಲಕ್ಕಾಗಲೇ ಪಾರಿಭಾಷಿಕ ಹೆಸರು ಇದ್ದಿತು ಎಂಬುದು ನಿರ್ವಿವಾದ.

ಈ ದೇಶೀ ತಾಳಗಳ ಪಟ್ಟಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಸಂಗೀತ ವಿಶ್ವಕೋಶವೊಂದರಲ್ಲಿ ಜೊಆನಿ ಗ್ರೊಸ್ಸೆಯ ಲೇಖನದ ಮೂಲಕ ಪ್ರಕಟವಾಯಿತು. ಅದನ್ನು ಓದಿದ ಫ್ರೆಂಚ್ ಸಂಗೀತಕಾರ ಒಲಿವಿಯೆ ಮೆಸಿಯಾನ್ ೧೯೪೪ರಲ್ಲಿ ಪ್ರಕಟಿಸಿದ ತಮ್ಮ ಸಂಗೀತಭಾಷೆಯ ವಿವರಣ ಗ್ರಂಥದಲ್ಲಿ ಶಾರ್ಙ್ಗದೇವನ ಹೆಸರನ್ನೂ ರಾಗವರ್ಧನ ತಾಳವನ್ನೂ ಉಲ್ಲೇಖಿಸಿ, 'ಸೇರಿಸಿದ ಮೌಲ್ಯ' ಎಂಬ ತಮ್ಮ ತತ್ತ್ವವನ್ನು ವಿವರಿಸಿದ್ದಾರೆ. ಸಮವಾದ ಗತಿಗೆ ಚಿಕ್ಕದೊಂದು ಕಾಲಾಂಶವನ್ನು ಸೇರಿಸಿ ಅದನ್ನು ವಿಷಮಗೊಳಿಸುವುದು ಈ ತತ್ತ್ವದ ಸಾರ. ಆದರೆ ಮೆಸಿಯಾನ್ ಕೈಸೇರಿದ್ದು ತಾಳಗಳ ಲಕ್ಷಣ ಮಾತ್ರ; ಪ್ರಯೋಗಪರಂಪರೆಯಲ್ಲ. ಲಿಪಿ ದೇಶಕಾಲಗಳನ್ನು ದಾಟಿ ಹೋಗಬಲ್ಲದು. ಆದರೆ ಅದರ ಜೊತೆಯಲ್ಲಿ ಹಾಡು ಹೋಗುವುದಿಲ್ಲ.

೭. ಕನ್ನಡ ಅಂಶಛಂದಸ್ಸಿನ ಮುಂದಿರುವ ಪ್ರಶ್ನೆ

ಮೇಲಿನ ಚರಿತ್ರೆಯ ಬೆಳಕಿನಲ್ಲಿ ಕನ್ನಡ ಜನಪದ ಗೀತಗಳನ್ನು ನೋಡಿದಾಗ ಕೆಲವು ಮುಖ್ಯ ಪ್ರಶ್ನೆಗಳು ಮೇಲೇಳುತ್ತವೆ. ಕನ್ನಡದ ಕಿವಿಗೆ ಮೂರು, ಐದು, ಏಳರ ಗತಿಗಳು ಎಂದೂ ಅಪರಿಚಿತವಾಗಿರಲಿಲ್ಲ. ಉತ್ಸಾಹ ರಗಳೆಯ ಮೂರು ಮಾತ್ರೆಗಳ ಓಟ, ಲಲಿತ ರಗಳೆಯ ಐದು ಮಾತ್ರೆಗಳ ನಡಿಗೆ, ಭಾಮಿನಿ ಷಟ್ಪದಿಯ ೩+೪ರ ಬಳುಕು ನಮ್ಮ ಕಾವ್ಯವಾಚನದಲ್ಲಿ ಸಹಜವಾಗಿವೆ. ಕುಮಾರವ್ಯಾಸನ ಭಾರತವನ್ನು ಗಮಕಿಗಳಿಂದ ಕೇಳುತ್ತ ಬಂದವರಿಗೆ ಏಳರ ಗತಿ ಕುಂಟುವ ಲಯವೆನಿಸಲಾರದು. ಯಕ್ಷಗಾನ ಪ್ರಸಂಗಗಳ ಪದ್ಯಗಳ ತಲೆಯಲ್ಲಿ ರಾಗದೊಡನೆ ತ್ರಿವುಡೆ, ಝಂಪೆ, ಅಷ್ಟ ಎಂದು ತಾಳವನ್ನೂ ನಮೂದಿಸುವ ರೂಢಿಯಿರುವುದು, ಲಯದ ಸೂಚನೆಯಿಲ್ಲದ ಪಾಠ ಅಪೂರ್ಣವೆಂಬ ಅರಿವಿಗೆ ಸಾಕ್ಷಿ.

ಆದರೆ ಈ ಮಾತ್ರಾಗಣಗಳ ಹಿಂದೆ ಅಂಶಗಣಗಳ ಪ್ರಾಚೀನವಾದ ಪದರವೊಂದಿದೆ. ಸುಮಾರು ೯೯೦ರ ನಾಗವರ್ಮನ 'ಛಂದೋಂಬುಧಿ' ಕರ್ಣಾಟಕ ವಿಷಯಜಾತಿಗಳೆಂದು ಇವುಗಳನ್ನು ನಿರೂಪಿಸುತ್ತದೆ. ಎರಡು ಅಂಶಗಳ ಬ್ರಹ್ಮಗಣ, ಮೂರರ ವಿಷ್ಣುಗಣ, ನಾಲ್ಕರ ರುದ್ರಗಣ ಇವು ಮೂರು. ಗಣದ ಮೊದಲ ಅಂಶ ಒಂದು ಗುರು ಇಲ್ಲವೆ ಎರಡು ಲಘು. ಉಳಿದ ಅಂಶಗಳು ಒಂದು ಲಘು ಇಲ್ಲವೆ ಒಂದು ಗುರು. ಇದರಿಂದ ಬ್ರಹ್ಮಗಣಕ್ಕೆ ನಾಲ್ಕು, ವಿಷ್ಣುಗಣಕ್ಕೆ ಎಂಟು, ರುದ್ರಗಣಕ್ಕೆ ಹದಿನಾರು ರೂಪಗಳು ಉಂಟಾಗುತ್ತವೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಕಾಣಿಸಿಕೊಳ್ಳುವ ತ್ರಿಪದಿಯಲ್ಲಿ ಹನ್ನೊಂದು ಗಣಗಳು. ಆರನೆಯದು ಮತ್ತು ಹತ್ತನೆಯದು ಬ್ರಹ್ಮ, ಉಳಿದವೆಲ್ಲ ವಿಷ್ಣು.

ಇಲ್ಲಿರುವ ಲಯದ ಪ್ರಶ್ನೆಯನ್ನು ಗಮನಿಸಬೇಕು. ಓದುವಾಗಿನ ಮಾತ್ರೆಗಳನ್ನು ಎಣಿಸಿದರೆ ವಿಷ್ಣುಗಣವೊಂದು ನಾಲ್ಕರಿಂದ ಆರು ಮಾತ್ರೆಗಳವರೆಗೆ ಹಿಗ್ಗಿ ಕುಗ್ಗುತ್ತದೆ. ಹಾಡುವಾಗ ಕರ್ಷಣದಿಂದ ಅವು ಸಮಕಾಲವನ್ನು ಪಡೆಯುತ್ತವೆ ಎಂಬುದು ಛಂದಶ್ಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಹಾಗಾದರೆ ಮೂರು ಅಂಶಗಳ ಗಣಗಳ ನಡುವೆ ಬರುವ ಎರಡು ಅಂಶಗಳ ಬ್ರಹ್ಮಗಣ ಎಷ್ಟು ಕಾಲವನ್ನು ತೆಗೆದುಕೊಳ್ಳುತ್ತದೆ? ತಾತ್ತ್ವಿಕವಾಗಿ ಮೂರು ಸಾಧ್ಯತೆಗಳಿವೆ. ಮೊದಲನೆಯದು, ಎರಡು ಅಂಶಗಳೂ ಸಮವಾಗಿ ಹಿಗ್ಗಿ ಮೂರರ ಕಾಲವನ್ನು ತುಂಬಬಹುದು. ಪಾಶ್ಚಾತ್ಯ ಲಿಪಿಯಲ್ಲಿ ಇದು ಮೂರರ ಕಾಲದಲ್ಲಿ ಎರಡು ಎಂಬ ದ್ವಿಕ. ಎರಡನೆಯದು, ಒಂದು ಅಂಶ ಮಾತ್ರ ಇಮ್ಮಡಿಯಾಗಿ ಕಾಲ ತುಂಬಬಹುದು. ಆಗ ಯಾವ ಅಂಕಿಯೂ ಬೇಕಿಲ್ಲ, ಉದ್ದ ಮತ್ತು ಗಿಡ್ಡ ಸ್ವರಗಳೇ ಸಾಕು. ಮೂರನೆಯದು, ಗಣವೇ ಗಿಡ್ಡವಾಗಿ ಉಳಿದು ಸಾಲಿನ ನಡುವೆ ಎರಡರ ಪೆಟ್ಟೊಂದು ಬರಬಹುದು. ಇದು ಅಕ್ಸಾಕ್ ಬಗೆಯ ಸಂಕಲನ. ಮೂರು ಬೇರೆ ಬೇರೆ ಲಯಗಳು. ಆದರೆ ಮುದ್ರಿತ ಪಾಠ ಮೂರಕ್ಕೂ ಒಂದೇ. ಛಂದೋಗ್ರಂಥದಿಂದ ಇದನ್ನು ನಿರ್ಣಯಿಸಲಾಗದು. ಹಾಡಿನಿಂದ ಮಾತ್ರ ನಿರ್ಣಯಿಸಬಹುದು. ಅದೂ ಪ್ರದೇಶ, ಮಟ್ಟು, ಸಂದರ್ಭಗಳಿಗೆ ತಕ್ಕಂತೆ ಬೇರೆಬೇರೆಯಾಗಿರಬಹುದು.

ಕನ್ನಡದ ಗೀತಸಂಗ್ರಹ ಚರಿತ್ರೆಯಲ್ಲಿ ಈ ಅಂಶಕ್ಕೆ ದೊರೆತ ಸ್ಥಾನ ಅಲ್ಪ. ೧೮೭೧ರ ಗೋವರನ ದಕ್ಷಿಣ ಭಾರತದ ಗೀತಸಂಕಲನ ಹಾಡುಗಳ ಇಂಗ್ಲಿಷ್ ರೂಪವನ್ನು ನೀಡಿತು. ೧೮೮೫ರಿಂದ ಫ್ಲೀಟ್ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಲಾವಣಿಗಳನ್ನು ಪ್ರಕಟಿಸಿದರು. ೧೯೩೧ರ 'ಗರತಿಯ ಹಾಡು' ಸಂಕಲನದ ಮೂಲಕ ಹಲಸಂಗಿಯ ಗೆಳೆಯರು ತ್ರಿಪದಿಯ ಕಾವ್ಯಶಕ್ತಿಯನ್ನು ನಾಡಿಗೆ ತೋರಿಸಿಕೊಟ್ಟರು. ಅನಂತರ ಬಂದ ಸಂಗ್ರಹಗಳಲ್ಲಿ ಬಹುಪಾಲು ಸಾಹಿತ್ಯಪಾಠಕ್ಕೆ ಆದ್ಯತೆ ನೀಡಿದವು. ಈ ಸಂಗ್ರಾಹಕರ ಕಾರ್ಯ ಪ್ರಾತಃಸ್ಮರಣೀಯವಾದುದು. ಅವರಿಲ್ಲದಿದ್ದರೆ ಪಾಠವೂ ಉಳಿಯುತ್ತಿರಲಿಲ್ಲ. ಆದರೆ ಮುದ್ರಿತ ತ್ರಿಪದಿಯನ್ನು ಮೂರು ಸಾಲುಗಳ ಭಾವಗೀತೆಯಂತೆ ಓದುವ ಇಂದಿನ ಓದುಗನಿಗೆ, ಬೀಸುವಾಗ ಎರಡನೆಯ ಸಾಲು ಮರುಕಳಿಸಿ ಹಾಡು ನಾಲ್ಕು ಸಾಲಾಗುತ್ತಿತ್ತೆಂಬುದೂ, ಕಲ್ಲಿನ ಸುತ್ತೇ ಅದರ ತಾಳವಾಗಿತ್ತೆಂಬುದೂ ಕಾಣುವುದಿಲ್ಲ.

ಬೀಸುವ ಪದದಲ್ಲಿ ಕಾಲದ ಅಳತೆಗೋಲು ಕೈಯ ತಾಳವಲ್ಲ, ಬೀಸುಕಲ್ಲಿನ ಸುತ್ತು. ಕಾಳು ಹಾಕಿದಾಗ ಸುತ್ತು ನಿಧಾನವಾಗುತ್ತದೆ. ಹಿಟ್ಟು ನುಣ್ಣಗಾಗುತ್ತಿದ್ದಂತೆ ಹಗುರವಾಗುತ್ತದೆ. ಕಲ್ಲಿನಿಂದ ಬೇರ್ಪಡಿಸಿ ಧ್ವನಿ ಮುದ್ರಿಸಿದಾಗ ಆ ಅಳತೆಗೋಲು ಕಳೆದುಹೋಗಿ, ಹಾಡುಗಾರ್ತಿಯ ಎಳೆತಗಳು ಲಯಭಂಗವೆಂಬಂತೆ ತೋರಬಹುದು. ಹಿಟ್ಟಿನ ಗಿರಣಿಗಳು ಹಳ್ಳಿಹಳ್ಳಿಗೂ ಬಂದ ಮೇಲೆ ಬೀಸುತ್ತ ಹಾಡಿ ರೂಢಿಯಿದ್ದ ಹೆಂಗಸರ ತಲೆಮಾರು ಕರಗುತ್ತ ಬಂದಿದೆ. ಅವರ ಲಯಪ್ರಜ್ಞೆ ಅವರೊಡನೆಯೇ ಹೋಗುತ್ತಿದೆ. ಹೀಗಾಗಿ ಇರುವ ಧ್ವನಿಮುದ್ರಿಕೆಗಳೇ ಇಂದು ನಮ್ಮ ಮುಖ್ಯ ಆಕರ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ ೧೯೩೮ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಮಾಡಿದ ದಾಖಲೆಗಳನ್ನು ಹಿಡಿದು ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ೧೯೮೪ರಲ್ಲಿ ಮರುಅಧ್ಯಯನ ನಡೆಸಿದರು. ಹಳೆಯ ಮುದ್ರಿಕೆಯೊಂದು ಹೊಸ ಕಿವಿಗೆ ಏನನ್ನು ಹೇಳಬಲ್ಲದು ಎಂಬುದಕ್ಕೆ ಅದು ನಮ್ಮ ನೆಲದ ಉದಾಹರಣೆ.

೮. ಉಪಸಂಹಾರ

ಅಮೆರಿಕದ ಚಾರ್ಲ್ಸ್ ಸೀಗರ್ ೧೯೫೮ರ ಪ್ರಬಂಧವೊಂದರಲ್ಲಿ ಸ್ವರಲೇಖನವನ್ನು ಎರಡಾಗಿ ವಿಂಗಡಿಸಿದ್ದಾರೆ. ಹೀಗೆ ಹಾಡಬೇಕು ಎಂದು ಸೂಚಿಸುವುದು ವಿಧಾಯಕ ಲೇಖನ. ಹೀಗೆ ಹಾಡಲಾಯಿತು ಎಂದು ದಾಖಲಿಸುವುದು ವಿವರಣಾತ್ಮಕ ಲೇಖನ. ಮೊದಲನೆಯ ಉದ್ದೇಶಕ್ಕೆ ರೂಪುಗೊಂಡ ಲಿಪಿಯನ್ನು ಎರಡನೆಯ ಕೆಲಸಕ್ಕೆ ಬಳಸುವುದರಲ್ಲಿಯೇ ತೊಡಕು ಅಡಗಿದೆ. ಕಂಪ್ಯೂಟರ್ ತಂತ್ರಾಂಶಗಳು ಈ ತೊಡಕನ್ನು ತಾವಾಗಿಯೇ ನಿವಾರಿಸುವುದಿಲ್ಲ. ಧ್ವನಿಯನ್ನು ಸ್ವರಲಿಪಿಗೆ ತಿರುಗಿಸುವಾಗ ಅವು ಮೊದಲೇ ನಿಗದಿಯಾದ ಸಮಮನೆಗಳಿಗೆ ಸ್ವರಗಳನ್ನು ಒತ್ತರಿಸಿದರೆ, ಬಾರ್ಟೋಕ್ ಮೊದಲು ಕೇಳಿಸಿಕೊಳ್ಳದೆ ಹೋದ ಲಯಗಳನ್ನು ಯಂತ್ರವೂ ಕೇಳಿಸಿಕೊಳ್ಳದೆ ಹೋಗುತ್ತದೆ.

ಈ ಹಿನ್ನೆಲೆಯಲ್ಲಿ ಕನ್ನಡ ಜನಪದ ಗೀತಗಳ ಮುಂದಿನ ಆವೃತ್ತಿಗಳಲ್ಲಿ ಕೆಲವು ಕ್ರಮಗಳನ್ನು ಅನುಸರಿಸುವುದು ಅವಶ್ಯಕವೆನಿಸುತ್ತದೆ. ಪಾಠದೊಡನೆ ಗಣವಿಭಾಗ ಮಾತ್ರವಲ್ಲದೆ ಹಾಡಿಕೆಯಲ್ಲಿ ಪ್ರತಿ ಅಂಶ ಪಡೆಯುವ ಕಾಲವನ್ನೂ ನಮೂದಿಸಬೇಕು. ಮೂರರ ಗುಂಪು ಬಂದಲ್ಲಿ ಅದು ಸಮಪೆಟ್ಟಿನ ಒಳವಿಭಜನೆಯೋ, ಪೆಟ್ಟಿನದೇ ವಿಸ್ತರಣೆಯೋ ಎಂಬುದನ್ನು ಸ್ಪಷ್ಟಪಡಿಸಬೇಕು. ಹಾಡಿನ ಜೊತೆಗಿದ್ದ ದುಡಿಮೆಯ, ಕುಣಿತದ, ಆಚರಣೆಯ ಚಲನೆಯನ್ನು ದಾಖಲಿಸಬೇಕು. ಒಂದೇ ನುಡಿಯಲ್ಲ, ಹಲವು ನುಡಿಗಳ ಲಯಭೇದಗಳನ್ನು ತೋರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ವಿಶ್ವವಿದ್ಯಾಲಯಗಳ ಹಾಗೂ ವ್ಯಕ್ತಿಗಳ ಬಳಿ ಉಳಿದಿರುವ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ಪರಿವರ್ತಿಸಿ, ಸ್ವರಲೇಖನದ ಜೊತೆಯಲ್ಲಿ ಕೇಳಲು ದೊರೆಯುವಂತೆ ಮಾಡಬೇಕು. ಆಗ ಇಂದಿನ ಲೇಖನವನ್ನು ನಾಳಿನವರು ಪರೀಕ್ಷಿಸಬಹುದು, ತಿದ್ದಬಹುದು.

ಒಟ್ಟಾರೆ, ತ್ರಿಕದ ಮೇಲಿನ ಪುಟ್ಟ ಅಂಕಿಯ ಹಿಂದೆ ಏಳು ಶತಮಾನಗಳಿಗೂ ಮೀರಿದ ಚರಿತ್ರೆಯಿದೆ. ಯಾವ ಲಯವೂ ತನ್ನಷ್ಟಕ್ಕೆ ತಾನು ವಿಷಮವಲ್ಲ. ಒಂದು ಲಿಪಿಯ ಸಮತೆಯ ಕಲ್ಪನೆಗೆ ಹೋಲಿಸಿದಾಗ ಮಾತ್ರ ಅದು ವಿಷಮವೆನಿಸುತ್ತದೆ. ಬಾರ್ಟೋಕ್ ತಮ್ಮ ಸಿಲಿಂಡರುಗಳನ್ನು ಉಳಿಸಿಕೊಂಡಿದ್ದರಿಂದ ಎರಡು ದಶಕಗಳ ಅನಂತರ ಮತ್ತೆ ಕೇಳಿ ತಿದ್ದಿಕೊಳ್ಳಲು ಸಾಧ್ಯವಾಯಿತು. ಕನ್ನಡದ ಗರತಿಯರ ಹಾಡಿಗೂ ಅಂತಹ ಮರುಶ್ರವಣದ ಅವಕಾಶ ಉಳಿಯುವುದೋ ಇಲ್ಲವೋ ಎಂಬುದು ಈ ತಲೆಮಾರಿನ ಸಂಶೋಧಕರ ಮತ್ತು ಸಂಸ್ಥೆಗಳ ಕಾರ್ಯವನ್ನು ಅವಲಂಬಿಸಿದೆ.